ಹೀಟ್ ಮ್ಯಾಟ್, ಥರ್ಮೋಸ್ಟ್ಯಾಟ್ ಮತ್ತು ನಮ್ಮ ಕಾರ್ನ್ ಸ್ನೇಕ್: ಚಿಕ್ಕಮಗಳೂರಿನಲ್ಲಿ ಎರಡೂವರೆ ವರ್ಷ

ಥರ್ಮೋಸ್ಟ್ಯಾಟ್ ಇಲ್ಲದೆ ಹೀಟ್ ಮ್ಯಾಟ್‌ನ ಪ್ಲಗ್ ಹಾಕಲೇಬೇಡಿ. ಎರಡೂವರೆ ವರ್ಷ ಬಳಸಿದ ಮೇಲೆ ನಾನು ಮೊದಲು ಹೇಳುವ ಮಾತು ಇದೇ. ಹೀಟ್ ಮ್ಯಾಟ್ ಅಂದರೆ ಸಾಕಿದ ಹಾವಿನ ಟ್ಯಾಂಕನ್ನು ಅಡಿಯಿಂದ ಬಿಸಿ ಮಾಡುವ ಕರೆಂಟಿನ ಹಾಳೆ, ಥರ್ಮೋಸ್ಟ್ಯಾಟ್ ಅಂದರೆ ಬೇಕಾದಷ್ಟು ಬಿಸಿಯಾದ ಕೂಡಲೇ ಅದನ್ನು ಆರಿಸುವ ಸಾಧನ.

ನಮ್ಮದು ಚಿಕ್ಕಮಗಳೂರು ಪೇಟೆಯಲ್ಲಿರುವ ಹಳೆಯ ಹಂಚಿನ ಮನೆ. ಊರು ಸಮುದ್ರಮಟ್ಟದಿಂದ 1,000 ಮೀಟರ್‌ಗಿಂತ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ರೂಮಿನೊಳಗೇ 16 ಡಿಗ್ರಿ ತೋರಿಸುತ್ತದೆ. ನಾವಾದರೆ ಕಂಬಳಿ ಹೊದ್ದು ಮಲಗುತ್ತೇವೆ. ಹಾವಿಗೆ ಕಂಬಳಿ ಹೊದಿಸಿ ಏನೂ ಪ್ರಯೋಜನವಿಲ್ಲ, ಅದರ ಮೈಯಲ್ಲಿ ತಾನಾಗಿ ಬಿಸಿ ಹುಟ್ಟುವುದಿಲ್ಲ. ಹೊರಗಿನಿಂದಲೇ ಸಿಗಬೇಕು.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ಹಾವು. ವಿಷ ಇಲ್ಲ. ಪೆಟ್ಟಿಗೆಯ ಒಂದು ಬದಿ 28ರಿಂದ 31 ಡಿಗ್ರಿ ಇರಬೇಕು, ಇನ್ನೊಂದು ಬದಿ 22ರಿಂದ 24. ಬಿಸಿ ಬೇಕಾದಾಗ ಅತ್ತ, ಸಾಕಾದಾಗ ಇತ್ತ ಅದೇ ಹೋಗುತ್ತದೆ. ಎರಡೂ ಬದಿಗೆ ಅಡಗಲು ಒಂದೊಂದು ಗೂಡು ಬೇಕೇ ಬೇಕು. ಒಂದೇ ಗೂಡು ಇಟ್ಟರೆ ಅದು ಹೆದರಿಕೆಗೆ ಅಲ್ಲೇ ಕೂತುಬಿಡುತ್ತದೆ, ಮೈಗೆ ಬಿಸಿ ಬೇಕಿದ್ದರೂ ಹೊರಗೆ ಬರುವುದಿಲ್ಲ.

ನಮ್ಮದನ್ನು ಬೆಂಗಳೂರಿನಿಂದ ಬಿಲ್ ಸಮೇತ ತಂದೆ, ಸಾಕಿದ ಕಡೆಯೇ ಹುಟ್ಟಿದ ಮರಿ. ಕೇರೆ, ನಾಗರ, ಹೆಬ್ಬಾವು ಹೀಗೆ ನಮ್ಮ ಕಾಡುತೋಟದ ಹಾವುಗಳನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿಲ್ಲ, ಆ ಆಸೆ ಬೇಡ. ಹಾಗೆಯೇ ಕಾರ್ನ್ ಸ್ನೇಕನ್ನು ಸಾಕಾಯ್ತು ಅಂತ ತೋಟಕ್ಕೆ ಬಿಡುವುದೂ ತಪ್ಪು. ಇದು 15–20 ವರ್ಷ ಬದುಕುವ ಜೀವ. ಹೊಟ್ಟೆಯ ಕಪ್ಪುಬಿಳಿ ಚೌಕಗಳು ಜೋಳದ ಕಾಳು ಜೋಡಿಸಿದ ಹಾಗಿವೆ ಅಂತ ಮಗಳು ಜೋಳಿ ಅಂತ ಹೆಸರಿಟ್ಟಳು. ಅಮ್ಮ ಮಾತ್ರ ದೀಪ ಹಚ್ಚಿದ ಮೇಲೆ ಹಾವು ಅನ್ನುವುದಿಲ್ಲ. 'ಹುಳಕ್ಕೆ ನೀರು ಇಟ್ಟೆಯಾ?' ಅಂತಲೇ ಕೇಳುತ್ತಾರೆ.

ಈಗ ಸಾಮಾನಿನ ವಿಷಯ. ಮ್ಯಾಟ್ 16 ವ್ಯಾಟ್‌ನದು, ನಾನು ಕೊಂಡಾಗ 1,450 ರೂಪಾಯಿ. ಥರ್ಮೋಸ್ಟ್ಯಾಟ್‌ಗೆ ಆಗ 700 ರೂಪಾಯಿ. ಕೋಳಿಮೊಟ್ಟೆ ಮರಿ ಮಾಡಿಸುವ ಇನ್‌ಕ್ಯುಬೇಟರ್‌ಗಳಿಗೆ ಹಾಕುವಂಥದ್ದೇ ಸಣ್ಣ ಡಿಜಿಟಲ್ ಪೆಟ್ಟಿಗೆ, ತುದಿಯಲ್ಲಿ ಸೆನ್ಸರ್ ಇರುವ ವೈರ್. ಮೂರು ಅಡಿಯ ಗಾಜಿನ ಟ್ಯಾಂಕನ್ನು ಅಕ್ವೇರಿಯಂ ಅಂಗಡಿಯಲ್ಲಿ ಮಾಡಿಸಿದೆ. ಮ್ಯಾಟ್ ಅಂಟಿಸಬೇಕಾದದ್ದು ಹೊರಗೆ, ಗಾಜಿನ ಅಡಿಗೆ, ಅದೂ ಮೂರನೇ ಒಂದು ಭಾಗಕ್ಕೆ ಮಾತ್ರ. ಟ್ಯಾಂಕ್ ಕೆಳಗೆ ಮರದ ಪಟ್ಟಿ ಕೊಟ್ಟು ಸ್ವಲ್ಪ ಎತ್ತರಿಸಿ. ಗಾಳಿ ಆಡದೆ ಬಿಸಿ ಅಲ್ಲೇ ಕಟ್ಟಿಕೊಂಡರೆ ಗಾಜು ಸೀಳಬಹುದು.

ಮೊದಲ ಚಳಿಗಾಲದಲ್ಲೇ ಮ್ಯಾಟ್‌ನ ಮಿತಿ ಗೊತ್ತಾಯಿತು. ಅದು ನೆಲವನ್ನು ಬಿಸಿ ಮಾಡುತ್ತದೆ, ಗಾಳಿಯನ್ನಲ್ಲ. ಮ್ಯಾಟ್ ಮೇಲಿನ ಗಾಜು 31 ಡಿಗ್ರಿ ಇದ್ದರೆ ಟ್ಯಾಂಕಿನೊಳಗಿನ ಗಾಳಿ 18. ಇಲಿ ತಿಂದ ಎರಡನೇ ರಾತ್ರಿ ಕರೆಂಟ್ ಹೋಯಿತು, ಮೂರನೇ ದಿನ ಜೋಳಿ ತಿಂದದ್ದನ್ನೆಲ್ಲ ಕಕ್ಕಿದಳು. ಆ ವಾಸನೆ, ಅವಳ ಸುಸ್ತು, ಎರಡನ್ನೂ ಮರೆಯಲಾಗುವುದಿಲ್ಲ. ಬಿಸಿ ಸಿಗದಿದ್ದರೆ ಹೊಟ್ಟೆಯಲ್ಲಿರುವ ಇಲಿ ಅರಗುವುದಿಲ್ಲ, ಕೊಳೆಯುತ್ತದೆ. ಎರಡು ವಾರ ಏನೂ ಕೊಡದೆ ಬಿಟ್ಟು, ಆಮೇಲೆ ಸಣ್ಣ ಇಲಿಯಿಂದ ಶುರು ಮಾಡಿದೆ.

ಆಮೇಲೆ ಟ್ಯಾಂಕಿನ ಮೂರು ಬದಿಗೆ ಹೊರಗಿನಿಂದ ಥರ್ಮೊಕೋಲ್ ಕಟ್ಟಿದೆ. ಇಷ್ಟು ಸಣ್ಣ ಕೆಲಸ ಎಷ್ಟು ಬಿಸಿ ಉಳಿಸಿತು ಗೊತ್ತಾ! ಚಳಿಗಾಲದ ರಾತ್ರಿಗೆ ಮಾತ್ರ 60 ವ್ಯಾಟ್‌ನ ಸೆರಾಮಿಕ್ ಹೀಟರ್ ಬಲ್ಬನ್ನು ಜಾಲರಿ ಮುಚ್ಚಳದ ಮೇಲೆ ಇಟ್ಟೆ. ಅದರಲ್ಲಿ ಬೆಳಕಿಲ್ಲ, ಹಾವಿನ ರಾತ್ರಿ ಕೆಡುವುದಿಲ್ಲ. ಆದರೆ ಪಿಂಗಾಣಿ ಹೋಲ್ಡರ್ ಬೇಕು, ಪ್ಲಾಸ್ಟಿಕ್ಕಿನದು ಕರಗುತ್ತದೆ. ಇದಕ್ಕೂ ಬೇರೆಯೇ ಥರ್ಮೋಸ್ಟ್ಯಾಟ್ ಹಾಕಿದ್ದೇನೆ.

ಎರಡನೇ ಮಳೆಗಾಲದಲ್ಲಿ ಆದದ್ದನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ತೇವಕ್ಕೆ ಟೇಪ್ ಬಿಟ್ಟುಕೊಂಡು ಸೆನ್ಸರ್ ಕೆಳಗೆ ಜೋತುಬಿದ್ದಿತ್ತು. ಹೊರಗಿನ ತಣ್ಣನೆಯ ಗಾಳಿಯನ್ನೇ ಅಳೆಯುತ್ತ '22 ಡಿಗ್ರಿ' ಅನ್ನುತ್ತಿತ್ತು. ಥರ್ಮೋಸ್ಟ್ಯಾಟ್ ಅದನ್ನೇ ನಂಬಿ ಮ್ಯಾಟನ್ನು ಆರಿಸಲೇ ಇಲ್ಲ. ಸಂಜೆ ಕೈಯಿಟ್ಟರೆ ಗಾಜು ಸುಡುತ್ತಿದೆ, ಅಳೆದರೆ 47. ಪುಣ್ಯಕ್ಕೆ ಜೋಳಿ ತಣ್ಣನೆಯ ಬದಿಯ ಮಡಕೆ ಚೂರಿನ ಕೆಳಗಿದ್ದಳು. ಅಡಿಯಿಂದ ಸುಡುತ್ತಿದ್ದರೂ ಹಾವು ಎದ್ದು ಹೋಗದೆ ಅಲ್ಲೇ ಮಲಗಿ ಹೊಟ್ಟೆ ಸುಟ್ಟುಕೊಳ್ಳುವುದುಂಟು. ಸೆನ್ಸರ್ ಜಾರಿದರೆ ಕೂಗಿ ಹೇಳುವ ಅಲಾರಂ ಈ ಥರ್ಮೋಸ್ಟ್ಯಾಟ್‌ನಲ್ಲಿ ಇಲ್ಲ, ಅದಕ್ಕೇ ನಾನು ಐದರಲ್ಲಿ ಮೂರು ಸ್ಟಾರ್ ಮಾತ್ರ ಕೊಡುತ್ತೇನೆ. ಮ್ಯಾಟ್‌ಗೆ ನಾಲ್ಕು. ಈಗ ಸೆನ್ಸರನ್ನು ಗಾಜಿಗೂ ಮ್ಯಾಟ್‌ಗೂ ನಡುವೆ ಸಿಕ್ಕಿಸಿ, ವೈರನ್ನು ಮರದ ಪಟ್ಟಿಗೆ ಕ್ಲಿಪ್ ಹೊಡೆದಿದ್ದೇನೆ. ಒಳಗೆ ಬೇರೆ ಥರ್ಮಾಮೀಟರ್ ಇದೆ, ದಿನಕ್ಕೆರಡು ಸಲ ಎರಡನ್ನೂ ನೋಡುತ್ತೇನೆ. ಟ್ಯಾಂಕಿನ ಒಳಗಡೆ ಮಾತ್ರ ಎಲ್ಲೂ ಟೇಪ್ ಬೇಡ, ಹಾವಿನ ಮೈಗೆ ಅಂಟಿದರೆ ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ.

ನಮ್ಮ ಕಡೆ ಚಳಿಗಿಂತ ಜಾಸ್ತಿ ಕಾಟ ಕೊಡುವುದು ಮಳೆಗಾಲದ ತೇವ. ಕಾರ್ನ್ ಸ್ನೇಕ್‌ಗೆ ಗಾಳಿಯ ತೇವ ಶೇ 40ರಿಂದ 60 ಇದ್ದರೆ ಹಿತ. ಜುಲೈನಲ್ಲಿ ನಮ್ಮ ರೂಮಿನಲ್ಲಿ 88! ತೆಂಗಿನ ನಾರಿನ ಪುಡಿ ಹಾಸಿದ್ದೆ, ವಾರದಲ್ಲಿ ಬೂಷ್ಟು ಬಂತು, ಹಾವಿನ ಹೊಟ್ಟೆಯ ಚರ್ಮದ ಮೇಲೆ ಕಂದು ಚುಕ್ಕೆ ಕಾಣಿಸಿತು. ನಾರಿನ ಪುಡಿ ತೆಗೆದು ಸುಮ್ನೆ ನ್ಯೂಸ್‌ಪೇಪರ್ ಹಾಸಿದೆ, ಒದ್ದೆಯಾದ ಕೂಡಲೇ ಬದಲಿಸುತ್ತೇನೆ. ನೀರಿನ ಬಟ್ಟಲನ್ನೂ ಸಣ್ಣದು ಮಾಡಿ ತಣ್ಣನೆಯ ಬದಿಗೆ ಸರಿಸಿದೆ. ಮುಂದಿನ ಪೊರೆ ಬಿಟ್ಟಾಗ ಚುಕ್ಕೆ ಹೋಗಿತ್ತು. ಮಾರ್ಚ್‌ನಲ್ಲಿ ಇದರ ಉಲ್ಟಾ. ಕಣ್ಣು ಮಬ್ಬಾಗಿ ಪೊರೆ ಬಿಡುವ ಸಮಯ ಬಂದಾಗ, ಐಸ್‌ಕ್ರೀಂ ಡಬ್ಬಿಗೆ ತೂತು ಮಾಡಿ ಒದ್ದೆ ಪಾಚಿ ತುಂಬಿ ಇಡುತ್ತೇನೆ. ಪೊರೆ ಇಡಿಯಾಗಿ, ಬಾಲದ ತುದಿಯವರೆಗೂ ಕಳಚಿ ಬರುತ್ತದೆ.

ಕರೆಂಟ್ ಬಿಲ್‌ಗೆ ಹೆದರಬೇಡಿ. 16 ವ್ಯಾಟ್ ಇಡೀ ದಿನ ಉರಿದರೂ ಅರ್ಧ ಯೂನಿಟ್ ಆಗುವುದಿಲ್ಲ, ಥರ್ಮೋಸ್ಟ್ಯಾಟ್ ಇದ್ದರೆ ಇನ್ನೂ ಕಡಿಮೆ. ಕಷ್ಟ ಇರುವುದು ಕರೆಂಟೇ ಇಲ್ಲದಾಗ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಒಂದೂವರೆ ದಿನ ಬರುವುದಿಲ್ಲ. ಮ್ಯಾಟನ್ನು ಇನ್ವರ್ಟರ್ ಮೇಲೆ ಹಾಕಿದ್ದೇನೆ, ಆರಾಮಾಗಿ ಎಳೆಯುತ್ತದೆ. ಇನ್ವರ್ಟರೂ ಖಾಲಿಯಾದರೆ, ಬೆಚ್ಚಗಿನ ನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಒಳಗಿಡುತ್ತೇನೆ, ಎರಡು ಗಂಟೆಗೊಮ್ಮೆ ಬದಲಿಸುತ್ತೇನೆ. ಮತ್ತೆ, ಗಾಳಿಮಳೆ ಜೋರಾಗುತ್ತದೆ ಅನ್ನಿಸಿದ ವಾರ ಜೋಳಿಗೆ ಇಲಿ ಕೊಡುವುದೇ ಇಲ್ಲ. ಒಂದು ವಾರ ಹಸಿದರೆ ಅವಳಿಗೆ ಏನೂ ಆಗುವುದಿಲ್ಲ.