ಸ್ಕ್ರೀನ್ ಇಲ್ಲದ ಡ್ರಾಯಿಂಗ್ ಟ್ಯಾಬ್ಲೆಟ್: ಬಾಗಲಕೋಟೆಯಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಈ ಟ್ಯಾಬ್ಲೆಟ್ 2021ರ ಜೂನ್‌ನಲ್ಲಿ ತಗೊಂಡಿದ್ದು. ಬರೆಯುವ ಜಾಗ 10 ಇಂಚು ಅಗಲ, 6.25 ಇಂಚು ಎತ್ತರ. ಪೆನ್ನಿಗೆ ಬ್ಯಾಟರಿ ಬೇಡ. ಸ್ಕ್ರೀನ್ ಇಲ್ಲ, ವೈರ್‌ನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಗೆರೆ ಅಲ್ಲಿ ಮೂಡೋದನ್ನು ನೋಡಿಕೊಂಡೇ ಬರೆಯಬೇಕು. 4,800 ರೂಪಾಯಿ ಆಯಿತು. ಕಂಪನಿ ಹೆಸರು ಹಾಕುತ್ತಿಲ್ಲ. ಈ ಬೆಲೆಗೆ ಸಿಗುವ ಟ್ಯಾಬ್ಲೆಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ತರ ಇವೆ, ನಾನು ಇಲ್ಲಿ ಹೇಳೋದು ಯಾವುದನ್ನು ತಗೊಂಡರೂ ಉಪಯೋಗಕ್ಕೆ ಬರುತ್ತದೆ.

ನಾನು ನವನಗರದ ಮನೆಯಲ್ಲೇ ಕೂತು ಕೆಲಸ ಮಾಡುವವನು. ಮಕ್ಕಳ ಪುಸ್ತಕಕ್ಕೆ ಚಿತ್ರ, ಕಾಮಿಕ್ಸ್, ಆರೋಗ್ಯದ ಪೋಸ್ಟರ್, ಸೀಸನ್ ಬಂದರೆ ಮದುವೆ ಪತ್ರಿಕೆ. ತಿಂಗಳ ಸಂಬಳ ಇಲ್ಲ, ಪುಟಕ್ಕೆ ಇಷ್ಟು ಅಂತ ದುಡ್ಡು. ಪುಟ ನಿಂತರೆ ದುಡ್ಡೂ ನಿಂತಿತು. ಹಾಗಾಗಿ ಎಷ್ಟು ದಿನ ನನ್ನ ಕೆಲಸ ನಿಲ್ಲದ ಹಾಗೆ ನೋಡಿಕೊಂಡಿತು ಅನ್ನೋದರ ಮೇಲೇ ಈ ಸಾಮಾನನ್ನು ಅಳೆಯುತ್ತೇನೆ.

ಮೊದಲ ಎರಡು ವಾರ ತುಂಬಾ ಕಷ್ಟ. ಕೈ ಮೇಜಿನ ಮೇಲೆ, ಕಣ್ಣು ಎದುರಿಗೆ. ಅವ್ವ ಚಹಾ ತಂದಿಟ್ಟು ಸ್ವಲ್ಪ ಹೊತ್ತು ನಿಂತು ನೋಡಿ, "ಕೈ ಕಡೆ ನೋಡ್ದನ ಹೆಂಗ ಚಿತ್ರಾ ತಗಿತಿಯೋ ತಮ್ಮಾ?" ಅಂದಳು. ನನಗೂ ಅದೇ ಪ್ರಶ್ನೆ ಇತ್ತು. ದಿನಾ ಒಂದು ಗಂಟೆ ಬರೀ ಗೆರೆ, ಗುಂಡು, ಎಲೆ ಬರೆದೆ. ಮೂರನೇ ವಾರಕ್ಕೆ ಕೈ ತಾನಾಗಿಯೇ ಹೋಗತೊಡಗಿತು. ಹೊಸದಾಗಿ ತಗೊಂಡವರು ಎರಡೇ ದಿನಕ್ಕೆ ಬೇಸತ್ತು ಮಾರಬೇಡಿ, ಒಂದು ತಿಂಗಳು ಕೊಡಿ.

ಶುರುವಿನಲ್ಲೇ ಮಾಡಬೇಕಾದ ಕೆಲಸ ಒಂದಿದೆ. ನಾನು ಗುಂಡಗೆ ರೊಟ್ಟಿ ಬರೆದರೆ ಸ್ಕ್ರೀನಿನಲ್ಲಿ ಅಡ್ಡಕ್ಕೆ ಹಿಗ್ಗಿದ ರೊಟ್ಟಿ ಬರುತ್ತಿತ್ತು. ಕೈಯೇ ಸರಿಯಿಲ್ಲ ಅಂತ ನಾಲ್ಕು ದಿನ ಕೊರಗಿದೆ. ತಪ್ಪು ಕೈಯದಲ್ಲ. ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ ಟ್ಯಾಬ್ಲೆಟ್ಟಿನಲ್ಲಿ 16:10, ನನ್ನ ಲ್ಯಾಪ್‌ಟಾಪ್ ಸ್ಕ್ರೀನಿನಲ್ಲಿ 16:9. ಡ್ರೈವರ್ (ಟ್ಯಾಬ್ಲೆಟ್ ನಡೆಸುವ ಸಾಫ್ಟ್‌ವೇರ್) ಸೆಟ್ಟಿಂಗಿಗೆ ಹೋಗಿ ಬರೆಯುವ ಎತ್ತರವನ್ನು 6.25ರಿಂದ ಸುಮಾರು 5.6 ಇಂಚಿಗೆ ಇಳಿಸಿದೆ, ರೊಟ್ಟಿ ಗುಂಡಗಾಯಿತು.

ಡಬ್ಬಿ ಮೇಲೆ 8192 ಒತ್ತಡದ ಮಟ್ಟ (ಪೆನ್ನು ಎಷ್ಟು ಒತ್ತಿದ್ದೀರಿ ಅನ್ನೋದನ್ನು ಗುರುತಿಸುವ ಹಂತಗಳು) ಅಂತ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಆ ಅಂಕಿ ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ನನಗೆ ವ್ಯತ್ಯಾಸ ಗೊತ್ತಾಗಿದ್ದು ಎಷ್ಟು ಹಗುರವಾಗಿ ಒತ್ತಿದರೆ ಗೆರೆ ಬೀಳುತ್ತದೆ ಅನ್ನೋದರಲ್ಲಿ. ಕಂಪನಿ ಇಟ್ಟ ಸೆಟ್ಟಿಂಗಿನಲ್ಲಿ ದಪ್ಪ ಗೆರೆಗೆ ಜೋರಾಗಿ ಒತ್ತಬೇಕಿತ್ತು, ಸಂಜೆಗೆ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು. ಎಷ್ಟು ಒತ್ತಿದರೆ ಎಷ್ಟು ದಪ್ಪ ಅನ್ನೋದನ್ನು ಹೇಳುವ ಒತ್ತಡದ ಕರ್ವ್ ಮೆತ್ತಗೆ ಮಾಡಿಕೊಂಡ ಮೇಲೆ ನೋವು ಹೋಯಿತು. ಕಂಪ್ಯೂಟರ್ ಅಪ್‌ಡೇಟ್ ಆದ ಮೇಲೆ ಒಮ್ಮೊಮ್ಮೆ ಒತ್ತಡವೇ ಕೆಲಸ ಮಾಡಲ್ಲ, ಎಲ್ಲ ಗೆರೆ ಒಂದೇ ದಪ್ಪ ಬೀಳುತ್ತವೆ. ಗಾಬರಿ ಬೇಡ. ನಾನು ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಬಳಸುತ್ತೇನೆ, ಅದರ ಟ್ಯಾಬ್ಲೆಟ್ ಸೆಟ್ಟಿಂಗಿನಲ್ಲಿ ಪೆನ್ನಿನ ಒತ್ತಡ ಓದಲು ವಿನ್‌ಟ್ಯಾಬ್, ವಿಂಡೋಸ್ ಇಂಕ್ ಅಂತ ಎರಡು ವಿಧಾನ ಇವೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿ, ಕ್ರಿಟಾ ಮುಚ್ಚಿ ಮತ್ತೆ ತೆರೆದರೆ ಸಾಮಾನ್ಯವಾಗಿ ಸರಿ ಹೋಗುತ್ತದೆ. ಕ್ರಿಟಾ ಪೂರ್ತಿ ಉಚಿತ, ಓಪನ್ ಸೋರ್ಸ್. ಕೈಯಲ್ಲಿ ದುಡ್ಡಿಲ್ಲದ ಕಾಲದಲ್ಲಿ ಅದು ನನ್ನನ್ನು ಈ ಕೆಲಸದಲ್ಲಿ ಉಳಿಸಿತು, ಮಾಡಿದವರಿಗೆ ಮನಸ್ಸಿನಿಂದ ಧನ್ಯವಾದ.

ಈಗ ನಿಬ್ಬಿನ ವಿಷಯ. ಡಬ್ಬಿಯಲ್ಲಿ ಎಂಟು ಬಿಡಿ ನಿಬ್ಬು ಬಂದಿದ್ದವು, ಮೊದಲ ವರ್ಷವೇ ಐದು ಖರ್ಚಾದವು. ಸವೆದ ನಿಬ್ಬನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಗುಂಡಗೆ ಇರಲ್ಲ, ಒಂದು ಕಡೆ ಓರೆಯಾಗಿ ಕೊರೆದ ಹಾಗೆ ಆಗಿ ಅಂಚು ಚೂಪಾಗಿರುತ್ತದೆ. ಆ ಅಂಚೇ ಟ್ಯಾಬ್ಲೆಟ್ಟಿನ ಮೈ ಗೀಚೋದು. ನನ್ನದರ ನಡುಭಾಗದಲ್ಲಿ ಅಂಗೈ ಅಗಲ ಗೀಚು ಬಿತ್ತು, ಪೆನ್ನು ಅಲ್ಲಿಗೆ ಬಂದಾಗೆಲ್ಲ ಚೂರು ತಡವರಿಸುತ್ತಿತ್ತು. ಆಮೇಲೆ ಒಂದು ದಾರಿ ಸಿಕ್ಕಿತು. ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗಿಗೆ ಮೇಲೆ ಹಾಕುವ ಪಾರದರ್ಶಕ ಹಾಳೆ ಇರುತ್ತದಲ್ಲ, ಅದನ್ನು 10 ರೂಪಾಯಿಗೆ ತಂದು ಅಳತೆಗೆ ಕತ್ತರಿಸಿ ನಾಲ್ಕು ಮೂಲೆಗೆ ಟೇಪ್ ಹಚ್ಚಿದೆ. ಪೆನ್ನಿಗೆ ಏನೂ ತೊಂದರೆ ಇಲ್ಲ. ಗೀಚು ಬಿದ್ದರೆ ಹಾಳೆ ಬದಲಿಸೋದು, ಅಷ್ಟೇ.

ನಮ್ಮ ಕಡೆ ಏಪ್ರಿಲ್, ಮೇ ಅಂದರೆ 40 ಡಿಗ್ರಿ ಬಿಸಿಲು. ಬೆವರಿದ ಕೈ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಉದ್ದ ಗೆರೆ ನಡುವೆಯೇ ನಿಲ್ಲುತ್ತದೆ. ಅವ್ವ ಹಳೆ ಬನಿಯನ್ ಬಟ್ಟೆಯಲ್ಲಿ ಕಿರುಬೆರಳು, ಉಂಗುರ ಬೆರಳು ಮಾತ್ರ ಮುಚ್ಚುವ ಗ್ಲೌಸ್ ಹೊಲಿದುಕೊಟ್ಟಳು. ಮೂರು ಬೇಸಿಗೆ ಅದರಲ್ಲೇ ಕಳೆದಿದೆ. ಕರೆಂಟ್ ಹೋದರೂ ಕೆಲಸ ನಿಲ್ಲಲ್ಲ, ಟ್ಯಾಬ್ಲೆಟ್ಟಿಗೆ ಲ್ಯಾಪ್‌ಟಾಪಿನ ಯುಎಸ್‌ಬಿ ಕರೆಂಟೇ ಸಾಕು. ಬೇಸಿಗೆಯಲ್ಲಿ ಇದು ಎಷ್ಟು ದೊಡ್ಡ ಅನುಕೂಲ ಅನ್ನೋದು ಇಲ್ಲಿ ಇರುವವರಿಗೆ ಗೊತ್ತು.

ಚಿತ್ರದ ಕೆಲಸದಲ್ಲಿ ಇದು ನನ್ನ ಕೈ ಬಿಟ್ಟಿಲ್ಲ. ಹೋದ ವರ್ಷ 12 ಪುಟದ ಒಂದು ಜನಪದ ಕಥೆ ಮಾಡಿದೆ. ಅದರಲ್ಲಿ ಅಜ್ಜಿ ಇಳಕಲ್ ಸೀರೆ ಉಟ್ಟು ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟಿದ್ದಾಳೆ. ಖಣದ ಸಣ್ಣ ಹೂವನ್ನು ಒಂದೇ ಸಲ ಬರೆದು, ಬೇಕಾದಲ್ಲೆಲ್ಲ ಅಚ್ಚಿನ ಹಾಗೆ ಒತ್ತಲು ಬ್ರಷ್ ಮಾಡಿಕೊಂಡೆ. ಕೆಂಪು ಸೆರಗಿನ ಮೇಲಿನ ಬಿಳಿ ತೆನೆಯನ್ನು ಮಾತ್ರ ಪ್ರತಿ ಚೌಕದಲ್ಲೂ ಕೈಯಲ್ಲೇ ಬರೆದೆ, ಸೆರಗಿನ ಮಡಿಕೆ ತಿರುಗಿದ ಕಡೆ ತೆನೆಯೂ ತಿರುಗಬೇಕು ನೋಡಿ. ಬೆಂಗಳೂರಿನ ಸಂಪಾದಕರು ಫೋನ್ ಮಾಡಿ ಸೆರಗು ಹಸಿರು ಮಾಡಿ ಅಂದರು. ಸೆರಗು ಬೇರೆ ಲೇಯರ್‌ನಲ್ಲಿ, ಅಂದರೆ ಚಿತ್ರದ ಬೇರೆ ಪದರದಲ್ಲಿ ಇದ್ದಿದ್ದರಿಂದ ಎರಡು ನಿಮಿಷದ ಕೆಲಸ. ಆದರೂ ಮಾಡಲಿಲ್ಲ. "ಮೇಡಂ, ಇಳಕಲ್ ಸೀರೆಗೆ ಕೆಂಪು ಸೆರಗೇ ಗುರುತು ರೀ, ನಮ್ಮ ಕಡೆ ಮಕ್ಕಳು ನೋಡಿದ ಕೂಡಲೇ ಹಿಡೀತಾರೆ" ಅಂದೆ. ಅವರು ಒಪ್ಪಿದರು.

ಇದರ ನಿಜವಾದ ಕೊರತೆ ಕನ್ನಡ ಅಕ್ಷರದಲ್ಲಿದೆ. ಇಂಗ್ಲಿಷ್ ವಿಮರ್ಶೆಗಳಲ್ಲಿ ಇದು ನನಗೆ ಎಲ್ಲೂ ಸಿಗಲಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿರೋದು. ಕಾಮಿಕ್ಸಿನ ಮಾತಿನ ಗುಳ್ಳೆಯಲ್ಲಿ ಇಂಗ್ಲಿಷಿನವರು ದೊಡ್ಡಕ್ಷರ ಬರೆಯುತ್ತಾರೆ, ಅರ್ಧಕ್ಕರ್ಧ ನೇರ ಗೆರೆ. ನಮ್ಮದು ಎಲ್ಲಾ ಗುಂಡು. 'ತ' ಬರೆಯುವಾಗ ಹೊಟ್ಟೆ ಸುತ್ತಿ ಬಂದು ತಲೆಕಟ್ಟು ಸರಿಯಾದ ಕಡೆ ಕೂರಿಸಬೇಕು. ಕೈ ನೋಡದೆ ಬರೆಯುವಾಗ ತಲೆಕಟ್ಟು ಕೂದಲೆಳೆಯಷ್ಟು ಪಕ್ಕಕ್ಕೆ ಬೀಳುತ್ತದೆ. ಒಂದು ಅಕ್ಷರಕ್ಕೆ ಪರವಾಗಿಲ್ಲ, ಪುಟಕ್ಕೆ 80 ಪದ ಇದ್ದರೆ ಓದುವ ಮಗುವಿನ ಕಣ್ಣಿಗೆ ಅದು ಅಳ್ಳಾಡಿದ ಬರಹ. ಗೆರೆ ಸ್ಥಿರ ಮಾಡುವ ಸ್ಟೆಬಿಲೈಸರ್ ಹಾಕಿದರೆ ಸಣ್ಣ ಸುತ್ತುಗಳು ಚಪ್ಪಟೆಯಾಗಿ 'ಜ' ತನ್ನ ಆಕಾರವನ್ನೇ ಬಿಡುತ್ತದೆ. ತೆಗೆದರೆ ಕೈ ನಡುಕ ಕಾಣುತ್ತದೆ. ಆರು ತಿಂಗಳು ಪ್ರಯತ್ನಿಸಿದೆ, ಆಗಲಿಲ್ಲ.

ಕೊನೆಗೆ ದಾರಿ ಬೇರೆ ಮಾಡಿಕೊಂಡೆ. ಮಾತುಗಳಿಗೆ ಫಾಂಟ್, ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ಚಿತ್ರದ ಸಾಫ್ಟ್‌ವೇರ್‌ನಲ್ಲಿ. 'ಬಲೂ ತಮ್ಮ' ಅನ್ನುವ ಫಾಂಟ್ ದುಂಡಗೆ ದಪ್ಪಗಿದೆ, ಮಕ್ಕಳ ಪುಸ್ತಕಕ್ಕೆ ಚೆನ್ನಾಗಿ ಒಪ್ಪುತ್ತದೆ, ಪುಸ್ತಕಕ್ಕೆ ಬಳಸಲು ದುಡ್ಡೂ ಕೊಡಬೇಕಿಲ್ಲ. 'ಧಡ್', 'ಢಂ' ತರದ ದೊಡ್ಡ ಸದ್ದುಗಳನ್ನು ಮಾತ್ರ ಟ್ಯಾಬ್ಲೆಟ್ಟಿನಲ್ಲೇ ಬರೆಯುತ್ತೇನೆ, ಅಷ್ಟು ದೊಡ್ಡ ಅಕ್ಷರಕ್ಕೆ ತೋಳು ಪೂರ್ತಿ ಆಡುತ್ತದೆ. ಫಾಂಟ್ ಬಳಸುವಾಗಲೂ ಎರಡು ವಿಷಯ ನೋಡಿಕೊಳ್ಳಿ. ಒತ್ತಕ್ಷರ ಕೆಳಗೆ ಇಳಿಯುತ್ತದೆ, 'ರಾಷ್ಟ್ರ' ಅಂತ ಬಂದರೆ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಸಾಲುಗಳ ನಡುವೆ ಜಾಗ ಬಿಡಿ. ಇನ್ನೊಂದು, ನಮ್ಮ ಪದಗಳು ಉದ್ದ. 'ಹೇಳಬೇಕಾಗಿತ್ತಲ್ಲವೇ' ಅನ್ನೋದನ್ನು ಎಲ್ಲಿ ಮುರಿಯುತ್ತೀರಿ? ಹಾಗಾಗಿ ಮೊದಲು ಮಾತು ಕೂರಿಸಿ, ಆಮೇಲೆ ಗುಳ್ಳೆ ಬರೆಯಿರಿ.

2024ರ ಮಳೆಗಾಲದಲ್ಲಿ ಟ್ಯಾಬ್ಲೆಟ್ ಕೈ ಕೊಟ್ಟಿತು. ವೈರ್ ಸಿಕ್ಕಿಸುವ ಜಾಗ ಸಡಿಲಾಗಿ ಗೆರೆ ನಡುವೆ ಸಂಪರ್ಕ ತಪ್ಪುತ್ತಿತ್ತು. 16 ಪುಟದ ಕೆಲಸ, ಕೊಡಲು ಐದು ದಿನ ಉಳಿದಿತ್ತು. ವಾರಂಟಿ ಒಂದೇ ವರ್ಷದ್ದು, ಎಂದೋ ಮುಗಿದಿತ್ತು. ಕಂಪನಿಗೆ ಮೇಲ್ ಮಾಡಿದರೆ ಒಂಬತ್ತು ದಿನದ ಮೇಲೆ, ಬಿಡಿ ಭಾಗ ಸಿಗಲ್ಲ, ಹೊಸದು ತಗೊಳ್ಳಿ ಅಂತ ಉತ್ತರ ಬಂತು. ನಾಲ್ಕು ಪಿನ್ನಿನ ತೊಂದರೆಗೆ ಇಡೀ ಟ್ಯಾಬ್ಲೆಟ್ ಬಿಸಾಕಿ ಅನ್ನೋದು ನನಗೆ ತುಂಬಾ ಬೇಜಾರಾಯಿತು. ಆ ಐದು ದಿನ ಬ್ರಷ್ ಪೆನ್ನಿನಲ್ಲಿ ಹಾಳೆ ಮೇಲೆ ಇಂಕ್ ಮಾಡಿ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ, ಮೌಸ್‌ನಲ್ಲಿ ಬಣ್ಣ ತುಂಬಿ ಮುಗಿಸಿದೆ.

ಆಮೇಲೆ ಮೊಬೈಲ್ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಬಿಚ್ಚಿ, ಭೂತಗನ್ನಡಿ ಕೆಳಗೆ ಹಿಡಿದು ನೋಡಿ, "ಅಣ್ಣಾರ, ಬೋರ್ಡಿಗೆ ಏನೂ ಆಗಿಲ್ರಿ, ಪಿನ್ ಅಷ್ಟ ಬಿಟ್ಟೈತಿ" ಅಂದ. ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿಕೊಟ್ಟ, 250 ರೂಪಾಯಿ. ಅಲ್ಲಿಂದ ಇಲ್ಲಿಯವರೆಗೆ ಮತ್ತೆ ತಪ್ಪಿಲ್ಲ. ಈಗ ವೈರನ್ನು ಟ್ಯಾಬ್ಲೆಟ್ಟಿನ ಅಂಚಿಗೆ ಟೇಪಿನಿಂದ ಅಂಟಿಸಿದ್ದೇನೆ, ಎಳೆದರೂ ಪಿನ್ನಿಗೆ ಪೆಟ್ಟು ಬೀಳಲ್ಲ. ಮೊದಲ ದಿನವೇ ಹೀಗೆ ಮಾಡಬೇಕಿತ್ತು.

ಯಾರು ತಗೋಬಹುದು? ಚಿತ್ರದ ಕೆಲಸದಲ್ಲಿ ಈಗಷ್ಟೇ ದುಡಿಯಲು ಶುರು ಮಾಡಿದವರು ಖಂಡಿತ ತಗೊಳ್ಳಿ. ನನಗೆ ಮೊದಲ ಮೂರು ಪುಟದ ದುಡ್ಡಿನಲ್ಲೇ ಇದರ ಬೆಲೆ ವಾಪಸ್ ಬಂತು. ಸ್ಕ್ರೀನ್ ಇರೋದು ಆಗ ನಾಲ್ಕೈದು ಪಟ್ಟು ದುಬಾರಿ ಇತ್ತು, ಅಷ್ಟು ಸಾಲ ಮಾಡಿ ಶುರು ಮಾಡಿದ್ದರೆ ಮೊದಲ ವರ್ಷ ನೆಮ್ಮದಿ ಇರುತ್ತಿರಲಿಲ್ಲ. ಕೈಬರಹದಲ್ಲೇ ಪೂರ್ತಿ ಕಾಮಿಕ್ಸ್ ಬರೆಯಬೇಕು ಅನ್ನುವವರು ಮಾತ್ರ ಸ್ವಲ್ಪ ಕಾಯಿರಿ, ಸ್ಕ್ರೀನ್ ಇರುವುದನ್ನೇ ತಗೊಳ್ಳಿ. ಅಂಗೈಯಷ್ಟಿನ ಸಣ್ಣ ಸೈಜ್ ಯಾರಿಗೂ ಬೇಡ, ಮಣಿಕಟ್ಟಿಗೇ ಎಲ್ಲ ಭಾರ ಬೀಳುತ್ತದೆ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ್‍ಯಾಮ್ ಇರಲಿ, ಎ4 ಪುಟ 300 ಡಿಪಿಐಗೆ 2480 x 3508 ಪಿಕ್ಸೆಲ್ ಆಗುತ್ತದೆ, ಲೇಯರ್ ಜಾಸ್ತಿಯಾದರೆ 4 ಜಿಬಿ ಏದುಸಿರು ಬಿಡುತ್ತದೆ. ಮತ್ತೆ, ಟ್ಯಾಬ್ಲೆಟ್ ಜೊತೆಗೇ ಒಂದು ಪ್ಯಾಕೆಟ್ ನಿಬ್ಬು, ಇನ್ನೊಂದು ವೈರ್ ತರಿಸಿಕೊಳ್ಳಿ. ಬೇಕಾದ ದಿನ ಇವೆರಡೂ ನಮ್ಮ ಊರಿನ ಅಂಗಡಿಯಲ್ಲಿ ಸಿಗಲ್ಲ.