ಭಾವನ ಕೊಲಂಬಸ್, ನನ್ನ ಆನ್ ಆರ್ಬರ್: ಮ್ಯಾಚ್ ದಿನ ಎಲ್ಲಿ ತಿನ್ನೋದು?

ನಮ್ಮ ಭಾವ ‘ಮಿಶಿಗನ್’ ಅನ್ನೋ ಹೆಸರನ್ನೇ ಬಾಯಲ್ಲಿ ಆಡುವುದಿಲ್ಲ. ‘ಆ ಬಡಗಲ ಟೀಮು’ ಅಂತಾರೆ. ಇದು ಅವರು ಕಂಡುಹಿಡಿದ ಮಾತಲ್ಲ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಭಿಮಾನಿಗಳು ಹೇಳುವುದೇ ಹಾಗೆ. ನವೆಂಬರ್ ಕೊನೆಯ ವಾರ ಬಂತೆಂದರೆ ಅವರ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ‘ಎಂ’ ಅಕ್ಷರ ಕಂಡಲ್ಲೆಲ್ಲ ಕೆಂಪು ಗೀಟು ಬೀಳುತ್ತದೆ. ಭಾವ ಅಲ್ಲಿ ಎಂಎಸ್ ಮಾಡಿ, ಕೊಲಂಬಸ್ಸಿನಲ್ಲೇ ನೆಲೆ ನಿಂತವರು. ನಾನು ಓದಿದ್ದು ಆನ್ ಆರ್ಬರಿನಲ್ಲಿ, ಅಂದರೆ ಮಿಶಿಗನ್ ವಿಶ್ವವಿದ್ಯಾಲಯ ಇರುವ, ಆ ಬಡಗಲ ಟೀಮಿನ ಊರಲ್ಲಿ. ಅಕ್ಕನ ಮದುವೆಯಾದ ಮೇಲೆ ಎರಡು ರಾಜ್ಯಗಳ ಜಗಳ ನಮ್ಮ ಮನೆಯೊಳಗೇ ಬಂದು ಕೂತಿತು.

ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಎರಡೇ ಮಾತು. ಈ ಎರಡು ಕಾಲೇಜು ತಂಡಗಳು ಮೊದಲು ಆಡಿದ್ದು 1897ರಲ್ಲಿ. ಆನ್ ಆರ್ಬರಿನ ಸ್ಟೇಡಿಯಮ್ಮಿನಲ್ಲಿ 1,07,601 ಜನ ಕೂರಬಹುದು, ಕೊಲಂಬಸ್ಸಿನದರಲ್ಲಿ 1,02,780. ಕಾಲೇಜು ಹುಡುಗರ ಆಟಕ್ಕೆ ಇಷ್ಟು ಜನ! ಊರಿನ ಅರ್ಧ ವ್ಯಾಪಾರ ಆ ಶನಿವಾರಗಳ ಮೇಲೆ ನಿಂತಿದೆಯೇನೋ ಅನ್ನಿಸುತ್ತದೆ.

ಆಟದ ಬಗ್ಗೆ ವಾದ ಮಾಡಿ ಉಪಯೋಗವಿಲ್ಲ, ಅಂಕ ಎದುರಿಗೇ ಇರುತ್ತದೆ. ಊಟಕ್ಕೆ ಅಂಕ ಹಾಕುವವರು ಯಾರು? ಅದಕ್ಕೇ 2022ರಲ್ಲಿ ನಾನು ಕೊಲಂಬಸ್ಸಿಗೆ ಹೋದೆ, 2023ರಲ್ಲಿ ಅವರೆಲ್ಲ ಆನ್ ಆರ್ಬರಿಗೆ ಬಂದರು. ಎರಡು ಊರಿನ ನಡುವೆ ಕಾರಿನಲ್ಲಿ ಮೂರು ಗಂಟೆ ದಾರಿ. ಪ್ರತಿ ಸಲವೂ ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ತಿಂದದ್ದೇ ತಿಂದದ್ದು. ಟಿಕೆಟ್ ಬೆಲೆ ಕೇಳಿ ಎರಡೂ ಸಲ ಟಿವಿ ಮುಂದೆ ಕೂತವರು ನಾವು. ಬೆಳಗ್ಗೆ ಮಾತ್ರ ಸ್ಟೇಡಿಯಮ್ ಸುತ್ತ ಒಂದು ರೌಂಡು ಹಾಕಿ, ಕಾರುಗಳ ಹಿಂದೆ ಸುಡುತ್ತಿದ್ದ ಮಾಂಸದ ಹೊಗೆ ಕುಡಿದು ಬಂದೆವು. ಆನ್ ಆರ್ಬರಿನಲ್ಲಿ ಸ್ಟೇಡಿಯಮ್ ಎದುರಿನ ಗಾಲ್ಫ್ ಮೈದಾನವೇ ಅವತ್ತು ಪಾರ್ಕಿಂಗ್ ಜಾಗ. ಆ ಹುಲ್ಲಿನ ಮೇಲೆ ಟೈರು ಓಡಿಸುವಾಗ ಭಾವನ ಮುಖದಲ್ಲಿ ಒಂದು ಸಂತೋಷ ಇತ್ತು, ಹೇಳಲೇಬೇಕು.

ನಾನು ಮೊದಲೇ ಒಂದು ಷರತ್ತು ಹಾಕಿದ್ದೆ. ಮ್ಯಾಚ್ ದಿನದ ಊಟವನ್ನು ಬೇರೆಯದೇ ತಕ್ಕಡಿಯಲ್ಲಿ ತೂಗಬೇಕು. ಹೊರಗೆ ಚಳಿ ಕೊರೆಯುತ್ತಿರುತ್ತದೆ, ಊರ ತುಂಬ ಜನ, ಆಟ ಮಧ್ಯಾಹ್ನ 12ಕ್ಕೆ ಶುರು. ನಾವು ಆರು ಜನ, ಅದರಲ್ಲಿ ಎರಡು ಮಕ್ಕಳು, ಒಬ್ಬಳು ಸಸ್ಯಾಹಾರಿ ಅಕ್ಕ. ರುಚಿ ಎಷ್ಟೇ ಇರಲಿ, ಈ ಗಲಾಟೆಯಲ್ಲಿ ನಡೆಯುತ್ತದೆಯೇ ಅನ್ನುವುದೇ ಪ್ರಶ್ನೆ. ಭಾವ ‘ಆಯ್ತು ಬಿಡಯ್ಯಾ’ ಅಂದರು. ಆಮೇಲೆ ಅದೇ ಷರತ್ತು ನನಗೇ ತಿರುಗಿಬಿತ್ತು.

ಮೊದಲು ಬರ್ಗರ್. ಆನ್ ಆರ್ಬರಿನ ‘ಕ್ರೇಜಿ ಜಿಮ್ಸ್ ಬ್ಲಿಂಪಿ ಬರ್ಗರ್’ 1953ರಿಂದ ಇದೆ. ಹಳೆ ಜಾಗ ಬಿಟ್ಟು 2014ರಲ್ಲಿ ಆಶ್ಲಿ ಬೀದಿಗೆ ಬಂತು. ಅಲ್ಲಿ ಆರ್ಡರ್ ಹೇಳುವುದಕ್ಕೇ ಒಂದು ಕ್ರಮ ಇದೆ. ಸಾಲಿನಲ್ಲಿ ಮುಂದೆ ಹೋಗುತ್ತಾ, ಎಣ್ಣೆಯಲ್ಲಿ ಕರಿಯುವುದು ಏನಾದರೂ ಬೇಕಿದ್ದರೆ ಮೊದಲು ಅದನ್ನು ಹೇಳಬೇಕು. ಆಮೇಲೆ ಎಷ್ಟು ಪ್ಯಾಟಿ, ಎರಡೋ ಮೂರೋ ಐದೋ. ಆಮೇಲೆ ಯಾವ ಬನ್ನು. ಆಮೇಲೆ ಕಾವಲಿ ಮೇಲೆ ಹಾಕುವ ಈರುಳ್ಳಿ, ಅಣಬೆ. ಚೀಸ್ ಇವೆಲ್ಲ ಆದ ಮೇಲೆ. ಭಾವ ನೇರ ಹೋಗಿ ‘ಒಂದು ಡಬಲ್ ಚೀಸ್‌ಬರ್ಗರ್’ ಅಂದುಬಿಟ್ಟರು. ಹಿಂದೆ ನಿಂತಿದ್ದವರೆಲ್ಲ ನಕ್ಕರು. ಕಾವಲಿ ಹತ್ತಿರ ಇದ್ದ ಹುಡುಗಿ ನಗುತ್ತಲೇ, ಚೀಸಿನ ಸರದಿ ಇನ್ನೂ ಬಂದಿಲ್ಲ ಅಂದಳು. ಭಾವ ನನ್ನ ಕಡೆ ತಿರುಗಿ, ‘ಏನಯ್ಯಾ ಇದು, ಸಂಕಲ್ಪ ಮೊದಲು, ಮಂಗಳಾರತಿ ಕೊನೆಗೆ ಅನ್ನೋ ಹಾಗಿದೆ’ ಅಂದರು.

ಆದರೆ ಕಾವಲಿ ನೋಡಿದ ಮೇಲೆ ಸುಮ್ಮನಾದರು. ನಿಂಬೆಹಣ್ಣಿನಂಥ ಮಾಂಸದ ಉಂಡೆಗಳನ್ನು ಕಾದ ಕಾವಲಿಗೆ ಹಾಕಿ, ಸಟ್ಟುಗದಲ್ಲಿ ಅದುಮುತ್ತಾರೆ. ಅಂಚು ನಮ್ಮ ಈರುಳ್ಳಿ ದೋಸೆಯ ಅಂಚಿನ ಹಾಗೆ ಕಂದಾಗಿ ಗರಿಗರಿ ಆಗುತ್ತದೆ. ಒಂದರ ಮೇಲೊಂದು ಪೇರಿಸಿ, ನಡುವೆ ಚೀಸ್ ಇಟ್ಟು, ಬನ್ನಿನೊಳಗೆ ತುರುಕಿ ಕೈಗೆ ಕೊಡುತ್ತಾರೆ. ಕಾಗದ ಎಣ್ಣೆಯಾಗಿ ಪಾರದರ್ಶಕ ಆಗುವಷ್ಟರಲ್ಲಿ ತಿಂದು ಮುಗಿದಿರುತ್ತದೆ.

ಕೊಲಂಬಸ್ಸಿನ ಉತ್ತರ ‘ಥರ್ಮನ್ ಕೆಫೆ’, ಜರ್ಮನ್ ವಿಲೇಜ್ ಅನ್ನೋ ಇಟ್ಟಿಗೆ ರಸ್ತೆಗಳ ಹಳೆ ಬಡಾವಣೆಯಲ್ಲಿ, 1942ರಿಂದ. ಅಲ್ಲಿಯ ‘ಥರ್ಮನೇಟರ್’ ಬರ್ಗರ್ ಅಲ್ಲ, ಕಟ್ಟಡ. ಮುಕ್ಕಾಲು ಪೌಂಡಿನ ಒಂದು ಪ್ಯಾಟಿ, ಅದರ ಮೇಲೆ ಮುಕ್ಕಾಲು ಪೌಂಡಿನ ಇನ್ನೊಂದು. ಮಾಂಸವೇ ಸುಮಾರು 680 ಗ್ರಾಂ. ನಡುವೆ ಬೇಕನ್, ಹ್ಯಾಮ್, ಅಣಬೆ, ಈರುಳ್ಳಿ, ಮೂರು ಥರದ ಚೀಸ್. ತಟ್ಟೆ ಬಂದಾಗ ಅಕ್ಕನ ಮಗ ತಲೆ ಬಗ್ಗಿಸಿ ಎದುರಿಗಿದ್ದ ನನ್ನನ್ನು ಹುಡುಕಿದ. ಬಾಯಿ ಎಷ್ಟು ಅಗಲ ತೆಗೆದರೂ ಅದು ಹೋಗುವುದಿಲ್ಲ. ಚಾಕು ಹಿಡಿದು ಕೆಡವಿ ತಿನ್ನಬೇಕು. ನಿಜ ಹೇಳಬೇಕೆಂದರೆ ಮಾಂಸದ ರಸ, ಬೆಂದ ಹದ ಎಲ್ಲ ಥರ್ಮನ್ನಿನದೇ ಮೇಲು. ಸುಮ್ನೆ ಒಂದು ಬುಧವಾರ ರಾತ್ರಿ ಹಸಿದಿದ್ದರೆ ನಾನು ಅಲ್ಲಿಗೇ ಹೋಗುತ್ತೇನೆ. ಆದರೆ ಮ್ಯಾಚ್ ದಿನ ಬೆಳಗ್ಗೆ ಅದನ್ನು ತಿಂದವನು 12ಕ್ಕೆ ಟಿವಿ ಮುಂದೆ ಗೊರಕೆ ಹೊಡೆಯುತ್ತಾನೆ. ಷರತ್ತಿನ ಪ್ರಕಾರ ಬ್ಲಿಂಪಿಗೆ ಗೆಲುವು. ಭಾವ ಒಪ್ಪಲಿಲ್ಲ. ‘ಅದು ತಿಂಡಿ, ಇದು ಊಟ’ ಅಂತ ಈಗಲೂ ಅನ್ನುತ್ತಾರೆ.

ಪಿಜ್ಜಾದಲ್ಲಿ ನಾನು ಸೋತೆ. ಅದೂ ನನ್ನದೇ ಷರತ್ತಿನಿಂದ.

ನನ್ನ ಕಡೆಯದು ಡೆಟ್ರಾಯಿಟ್ ಪಿಜ್ಜಾ. ಡೆಟ್ರಾಯಿಟ್ಟಿನ ಬಡ್ಡೀಸ್‌ನಲ್ಲಿ 1946ರಲ್ಲಿ ಶುರುವಾದದ್ದು, ಆನ್ ಆರ್ಬರಿನಲ್ಲೂ ಅವರ ಅಂಗಡಿ ಇದೆ. ಆಳದ ಉಕ್ಕಿನ ತಟ್ಟೆ, ಆಯತಾಕಾರ, ದಪ್ಪ ಮೆತ್ತನೆ ಹಿಟ್ಟು. ಚೀಸನ್ನು ತಟ್ಟೆಯ ಗೋಡೆ ಮುಟ್ಟುವ ಹಾಗೆ ಹರಡುತ್ತಾರೆ. ಅದು ಅಂಚಿನಲ್ಲಿ ಕರಗಿ, ಕಂದಾಗಿ, ಕುರುಕಲಾಗಿ ಅಂಟಿಕೊಳ್ಳುತ್ತದೆ. ಸಾಸ್ ಮೇಲೆ ಬರುತ್ತದೆ. ಮೂಲೆ ತುಂಡಿಗೆ ಎರಡು ಕಡೆ ಈ ಕುರುಕಲು ಅಂಚು. ರುಚಿ ಇರುವುದೇ ಅಲ್ಲಿ. ಆದರೆ ಆಯತಕ್ಕೆ ನಾಲ್ಕೇ ಮೂಲೆ, ನಾವು ಆರು ಜನ. ಮಕ್ಕಳು ಎರಡು ತೆಗೆದುಕೊಂಡರು. ಅಕ್ಕ ಕೇಳದೇ ಒಂದು ತೆಗೆದುಕೊಂಡಳು. ಉಳಿದ ಒಂದಕ್ಕೆ ನಾನು, ನನ್ನ ಹೆಂಡತಿ, ಭಾವ. ಅತಿಥಿ ಅಂತ ಭಾವನಿಗೆ ಬಿಟ್ಟುಕೊಟ್ಟೆ. ಅವರು ಅದನ್ನು ತಿನ್ನುತ್ತಾ ‘ಪರವಾಗಿಲ್ಲ’ ಅಂದರು. ಆ ‘ಪರವಾಗಿಲ್ಲ’ ನನಗೆ ಇನ್ನೂ ಮರೆತಿಲ್ಲ.

ಕೊಲಂಬಸ್ ಪಿಜ್ಜಾ ಇದಕ್ಕೆ ಪೂರ್ತಿ ಉಲ್ಟಾ. ಹಪ್ಪಳಕ್ಕಿಂತ ಸ್ವಲ್ಪ ದಪ್ಪ ಅನ್ನಬಹುದಾದಷ್ಟು ತೆಳು ತಳ. ಮೇಲೆ ಪೆಪೆರೋನಿ ಅನ್ನೋ ಮಸಾಲೆ ಸಾಸೇಜಿನ ಚೂರುಗಳು ಅಂಚಿನಿಂದ ಅಂಚಿಗೆ, ಜಾಗ ಬಿಡದೆ. ಶಾಖಕ್ಕೆ ಚೂರುಗಳು ಮುದುಡಿ ಪುಟ್ಟ ಬಟ್ಟಲಾಗುತ್ತವೆ, ಒಂದೊಂದರಲ್ಲೂ ಒಂದು ಹನಿ ಎಣ್ಣೆ. ದುಂಡು ಪಿಜ್ಜಾವನ್ನು ತ್ರಿಕೋನವಾಗಿ ಅಲ್ಲ, ಚಿಕ್ಕ ಚೌಕಗಳಾಗಿ ಕತ್ತರಿಸುತ್ತಾರೆ. ಬರ್ಫಿ ಕತ್ತರಿಸಿದ ಹಾಗೆ. 1949ರಿಂದ ಇರುವ ಮ್ಯಾಸೀಸ್‌ನಿಂದ ಭಾವ ಎರಡು ತರಿಸಿದ್ದರು, ಒಂದು ಅಕ್ಕನಿಗಾಗಿ ಬರೀ ಚೀಸಿನದು. ಡಬ್ಬ ತೆರೆದು ನಡುವೆ ಇಟ್ಟರೆ ಮುಗಿಯಿತು. ಕಣ್ಣು ಟಿವಿ ಮೇಲೆ, ಕೈ ತಾನಾಗಿ ಡಬ್ಬಕ್ಕೆ. ಎರಡು ತುತ್ತಿಗೆ ಒಂದು ಚೌಕ. ತಟ್ಟೆ ಬೇಡ, ಜಗಳ ಇಲ್ಲ. ಅಂಚು ಬೇಕಾದವರಿಗೆ ಅಂಚು, ಬೇಡದವರಿಗೆ ನಡುವಿನದು. ಮ್ಯಾಚ್ ನೋಡುವುದಕ್ಕೆಂದೇ ಯಾರೋ ಕೂತು ಯೋಚಿಸಿ ಮಾಡಿದ ಹಾಗಿದೆ.

ಅರ್ಧ ಆಟ ಮುಗಿದಾಗ ಒಹಾಯೊ 20-17ರಲ್ಲಿ ಮುಂದಿತ್ತು. ಭಾವ ಚೌಕದ ಮೇಲೆ ಚೌಕ ಎತ್ತುತ್ತಿದ್ದರು. ಮುಗಿದಾಗ 45-23, ಮಿಶಿಗನ್ ಕಡೆಗೆ. ಡಬ್ಬದಲ್ಲಿ ಉಳಿದದ್ದನ್ನು ಆ ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ನಾನೊಬ್ಬನೇ ಅಡುಗೆಮನೆಯಲ್ಲಿ ನಿಂತು ತಣ್ಣಗಿನ ಚೌಕಗಳನ್ನು ತಿಂದೆ. ತಣ್ಣಗಾದರೂ ಚೆನ್ನಾಗಿತ್ತು. ಇದನ್ನು ಭಾವನಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆನ್ ಆರ್ಬರ್ ಅಂದ ತಕ್ಷಣ ಎಲ್ಲರೂ ಕೇಳುವ ಹೆಸರು ‘ಜಿಂಗರ್‌ಮನ್ಸ್’. 1982ರಲ್ಲಿ ಶುರುವಾದ ಡೆಲಿ, ಅಂದರೆ ಸ್ಯಾಂಡ್‌ವಿಚ್, ಮಾಂಸ, ಚೀಸ್ ಮಾರುವ ಅಂಗಡಿ. 2014ರಲ್ಲಿ ಅಧ್ಯಕ್ಷರಾಗಿದ್ದ ಒಬಾಮ ಬಂದು ರೂಬೆನ್ ಸ್ಯಾಂಡ್‌ವಿಚ್ ತಿಂದು ಹೋದ ಜಾಗ. ಉಪ್ಪುನೀರಲ್ಲಿ ನೆನೆಸಿ ಬೇಯಿಸಿದ ದನದ ಮಾಂಸ, ಹುಳಿ ಬಂದ ಎಲೆಕೋಸು, ಸ್ವಿಸ್ ಚೀಸ್, ಅವರದೇ ಬೇಕರಿಯ ರೈ ಬ್ರೆಡ್. ಆ ಬ್ರೆಡ್ಡಿನ ಸಿಪ್ಪೆ ಮುರಿದಾಗ ಬರುವ ಸದ್ದಿಗೇ ಅರ್ಧ ದುಡ್ಡು ಕೊಡಬಹುದು. ಇನ್ನರ್ಧ ಕೊಡುವಾಗ ಸ್ವಲ್ಪ ನೋವಾಗುತ್ತದೆ, ಒಂದು ಸ್ಯಾಂಡ್‌ವಿಚ್ಚಿಗೆ ಇಪ್ಪತ್ತು ಡಾಲರ್ ಆಸುಪಾಸು. ವಿದ್ಯಾರ್ಥಿಯಾಗಿದ್ದಾಗ ಅಪ್ಪ ಅಮ್ಮ ಊರಿಂದ ಬಂದಾಗ ಮಾತ್ರ ಹೋಗುತ್ತಿದ್ದ ಜಾಗ ಅದು. ಮ್ಯಾಚ್ ದಿನವಂತೂ ಸಾಲು ಬೀದಿಗೆ ಬಂದಿರುತ್ತದೆ. ನಾವು ಭಾನುವಾರ ಹೋದೆವು.

ಇದಕ್ಕೆ ಎದುರು ಭಾವ ನಿಲ್ಲಿಸಿದ್ದು ‘ಶ್ಮಿಟ್ಸ್’. ಅದೂ ಜರ್ಮನ್ ವಿಲೇಜಿನಲ್ಲೇ, 1886ರಲ್ಲಿ ಮಾಂಸದ ವ್ಯಾಪಾರವಾಗಿ ಶುರುವಾದ ಮನೆತನ. ‘ಬಹಾಮ ಮಾಮ’ ಅನ್ನೋ ಹೊಗೆ ಹಾಕಿದ ಖಾರದ ಸಾಸೇಜ್. ಕಚ್ಚಿದರೆ ಚರ್ಮ ‘ಟಪ್’ ಅಂತ ಒಡೆಯುತ್ತದೆ. ಖಾರ ಅಂತಾರೆ, ನಮಗೆ ಅದು ಖಾರವೇ ಅಲ್ಲ. ಆದರೆ ಆ ಚಳಿಯಲ್ಲಿ, ಬನ್ನಿನಲ್ಲಿಟ್ಟು ಸಾಸಿವೆ ಸವರಿ ಕೈಗೆ ಕೊಟ್ಟರೆ ಬೇರೇನೂ ಬೇಡ ಅನ್ನಿಸುತ್ತದೆ. ರುಚಿಗೆ ಜಿಂಗರ್‌ಮನ್ಸ್, ದಿನಕ್ಕೆ ಶ್ಮಿಟ್ಸ್. ಮನಸ್ಸಿಲ್ಲದ ಮನಸ್ಸಿನಿಂದ ಬರೆಯುತ್ತಿದ್ದೇನೆ.

ಕೋಳಿ ರೆಕ್ಕೆಗಳ ವಿಷಯ ಎತ್ತಲೇಬಾರದು. ‘ಬಫಲೋ ವೈಲ್ಡ್ ವಿಂಗ್ಸ್’ ಹುಟ್ಟಿದ್ದು 1982ರಲ್ಲಿ ನಮ್ಮ ಕೊಲಂಬಸ್ಸಿನಲ್ಲೇ ಅಂತ ಭಾವ ಶುರು ಮಾಡಿದರು. ಹಾಗಾದರೆ 1960ರಲ್ಲಿ ‘ಡಾಮಿನೋಸ್’ ಹುಟ್ಟಿದ್ದು ನಮ್ಮ ಪಕ್ಕದ ಇಪ್ಸಿಲ್ಯಾಂಟಿಯಲ್ಲಿ ಅಂತ ನಾನಂದೆ. ಜಗತ್ತಿನ ಎಲ್ಲಾ ಊರಲ್ಲೂ ಸಿಗುವುದನ್ನು ಲೆಕ್ಕಕ್ಕೆ ತಗೋಬೇಡಿ ಅಂತ ಅಕ್ಕ ಇಬ್ಬರ ಬಾಯಿ ಮುಚ್ಚಿಸಿದಳು. ಸ್ಟೇಡಿಯಮ್ ಹತ್ತಿರದ ಒಂದು ಬಾರಿನಲ್ಲಿ ರೆಕ್ಕೆಗಾಗಿ ಒಂದೂಕಾಲು ಗಂಟೆ ಕಾದೆವು, ಬಂದದ್ದು ಒಳಗೆ ಹಸಿ. ಅದು ಯಾವ ಊರು ಅಂತ ಹೇಳುವುದಿಲ್ಲ. ಎರಡೂ ಕಡೆ ಅಂಥದ್ದು ಇದೆ.

ಅಕ್ಕನ ತೀರ್ಪು ಬೇರೆಯೇ. ಸಸ್ಯಾಹಾರಿಗೆ ಈ ಇಡೀ ಜಗಳವೇ ಅಸಂಬದ್ಧ ಅಂತ ಅವಳ ದೂರು. ನಿಜವೇ. ಎರಡು ದಿನ ಚೀಸ್ ತಿಂದೂ ತಿಂದೂ ಅವಳಿಗೆ ಸಾಕಾಗಿತ್ತು. ಶನಿವಾರ ರಾತ್ರಿ ಆನ್ ಆರ್ಬರಿನ ‘ಫ್ರೀಟಾ ಬಟೀಡೋಸ್’ಗೆ ಕರೆದುಕೊಂಡು ಹೋದೆ. ಕ್ಯೂಬಾ ಶೈಲಿ, ಉದ್ದ ಮೇಜು, ಎಲ್ಲರ ಜೊತೆ ಸೇರಿ ಕೂರಬೇಕು. ಕಪ್ಪು ಬೀನ್ಸ್ ಕಾಳಿನ ಪ್ಯಾಟಿ, ಅದರ ಮೇಲೆ ಶ್ಯಾವಿಗೆಯಷ್ಟು ಸಣ್ಣಗೆ ಹೆಚ್ಚಿ ಕರಿದ ಆಲೂಗಡ್ಡೆ, ಬನ್ನಿನೊಳಗೇ. ಒಂದು ತುತ್ತು ತಿಂದು ಅಕ್ಕ ಮಾತಾಡಲಿಲ್ಲ. ಎರಡನೆಯದಕ್ಕೆ, ‘ಲೋ, ಇದನ್ನ ಮೊದಲ ದಿನವೇ ಯಾಕೋ ತೋರಿಸಲಿಲ್ಲ?’ ಅಂದಳು. ಭಾವ ಹೆಂಡತಿಯ ಕಡೆ ನೋಡಿದ ನೋಟ! ಅವತ್ತು ಮಧ್ಯಾಹ್ನ 30-24ರಲ್ಲಿ, ಕೊನೆ ನಿಮಿಷದಲ್ಲಿ ಚೆಂಡು ಕೊಟ್ಟು ಸೋತಿದ್ದರು ಬೇರೆ.

ಸಿಹಿಯಲ್ಲಿ ಮಾತ್ರ ಚರ್ಚೆಯೇ ಇಲ್ಲ, ಕೊಲಂಬಸ್. ‘ಬಕೈ’ ಅಂದರೆ ಒಹಾಯೊದ ರಾಜ್ಯಮರ, ಅಭಿಮಾನಿಗಳ ಹೆಸರೂ ಅದೇ. ಆ ಮರದ ಬೀಜ ವಿಷ, ತಿನ್ನುವ ಹಾಗಿಲ್ಲ. ಅದರ ರೂಪದ ಮಿಠಾಯಿ ಮಾಡುತ್ತಾರೆ: ಶೇಂಗಾ ಬೆಣ್ಣೆಗೆ ಸಕ್ಕರೆ ಪುಡಿ ಸೇರಿಸಿ ಉಂಡೆ ಕಟ್ಟಿ, ನೆತ್ತಿಯಲ್ಲಿ ಒಂದು ಬೊಟ್ಟಿನಷ್ಟು ಬಿಟ್ಟು ಉಳಿದದ್ದನ್ನು ಚಾಕಲೇಟಿನಲ್ಲಿ ಅದ್ದುವುದು. ‘ನಮ್ಮ ಶೇಂಗಾ ಉಂಡೆ ಕೋಟು ಹಾಕ್ಕೊಂಡಿದೆ’ ಅಂತ ಅಕ್ಕ. ನಮ್ಮ ಕಡೆ ‘ವಾಶ್ಟೆನಾ ಡೇರಿ’ಯ ಐಸ್ ಕ್ರೀಮ್ ಒಳ್ಳೆಯದೇ, ಕೈ ತುಂಬ ಕೊಡುತ್ತಾರೆ. ಆದರೆ ನವೆಂಬರಿನಲ್ಲಿ ಐಸ್ ಕ್ರೀಮ್ ಹಿಡಿದು ವಾದ ಮಾಡುವುದು ಹೇಗೆ?

ಲೆಕ್ಕ ಹಾಕಿದರೆ ಇಬ್ಬರದೂ ಹೆಚ್ಚುಕಡಿಮೆ ಸರಿಸಮ. ಭಾವ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಅಕ್ಕ ಹೇಳಿದಳು: ಇನ್ನು ಮುಂದೆ ದಾರಿ ನಡುವೆ ಟೊಲೀಡೊದಲ್ಲಿ ಸೇರೋಣ, ಬಿಲ್ಲು ಸೋತವರದ್ದು. ಟೊಲೀಡೊ ಒಹಾಯೊದ್ದೇ ಅಲ್ವಾ ಅಂತ ನಾನು ತಕರಾರು ತೆಗೆದೆ. 1835ರಲ್ಲಿ ಇದೇ ಊರಿಗಾಗಿ ಎರಡೂ ಕಡೆಯವರು ಸೈನ್ಯ ಕಟ್ಟಿ ನಿಂತಿದ್ದರು, ನ್ಯಾಯವಾಗಿ ಅದು ನಮಗೆ ಬರಬೇಕಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಲ್ಲಿ 1932ರಿಂದ ‘ಟೋನಿ ಪ್ಯಾಕೋಸ್’ ಇದೆ. ಹಂಗೇರಿ ಶೈಲಿಯ ಸಾಸೇಜು, ಮೇಲೆ ಖಾರದ ಕೀಮಾ ಸಾಸ್, ಪಕ್ಕದಲ್ಲಿ ಅವರದೇ ಉಪ್ಪಿನಕಾಯಿ. ಗೋಡೆ ಮೇಲೆ ಬಂದುಹೋದ ದೊಡ್ಡವರು ಸಹಿ ಹಾಕಿದ ಬನ್ನುಗಳು. 2024ರಲ್ಲಿ 13-10ಕ್ಕೆ ಗೆದ್ದು ನಾನು ಪುಕ್ಕಟೆ ತಿಂದೆ. 2025ರಲ್ಲಿ ನಮ್ಮ ನಾಲ್ಕು ವರ್ಷದ ಗೆಲುವಿನ ಓಟ ನಿಂತಿತು. ಭಾವ ಕುಣಿಯಲಿಲ್ಲ, ಕೂಗಲಿಲ್ಲ. ಮೆನು ನಿಧಾನಕ್ಕೆ ಎರಡು ಸಲ ಓದಿ ಆರ್ಡರ್ ಹೇಳಿದರು. ಹೊರಡುವಾಗ ಕೌಂಟರಿನಿಂದ ಉಪ್ಪಿನಕಾಯಿ ಬಾಟಲಿ ಮೂರು ಎತ್ತಿ, ನನ್ನ ಬಿಲ್ಲಿನ ಪಕ್ಕ ಇಟ್ಟರು.