ಬೆರಳು ಮರುಜೋಡಣೆ ಘಟಕ: ಅಂಕ ಕೊಡುವ ಮೊದಲು ಏನೇನು ನೋಡಬೇಕು

ತುಂಡಾದ ಬೆರಳು ಜೋಡಿಸುವ ಮೈಕ್ರೋಸರ್ಜರಿ (ಸೂಕ್ಷ್ಮದರ್ಶಕದಡಿ ಮಾಡುವ ಶಸ್ತ್ರಚಿಕಿತ್ಸೆ) ಘಟಕದ ಮಟ್ಟ ಮೊದಲ ಫೋನ್ ಕರೆಯಲ್ಲೇ ಗೊತ್ತಾಗಿಬಿಡುತ್ತದೆ. ಕರೆ ತೆಗೆದವರು ಒಂದೇ ಉಸಿರಿಗೆ ಹೇಳಬೇಕು: ಸಲೈನ್‌ನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಬೆರಳನ್ನು ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿಟ್ಟು ತನ್ನಿ. "ಐಸ್ ಮೇಲಿಟ್ಟು ತನ್ನಿ" ಎಂದರೆ ಅಲ್ಲೇ ಅರ್ಧ ಕೆಟ್ಟಿತು. ಐಸ್ ನೇರ ತಾಗಿದ ಕಡೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಬೆರಳಲ್ಲಿ ಮಾಂಸಖಂಡ ಇಲ್ಲದ್ದರಿಂದ ತಣ್ಣಗಿಟ್ಟರೆ ಸುಮಾರು 24 ಗಂಟೆ, ಇಲ್ಲದಿದ್ದರೆ 12 ಗಂಟೆ ಕಾಲಾವಕಾಶ ಸಿಗುತ್ತದೆ. ಜಜ್ಜಿಹೋದ ತುಂಡನ್ನೂ ತರಲು ಹೇಳುವವರು ಬಲ್ಲವರು. ಅದರ ಚರ್ಮ, ನರ ಪಕ್ಕದ ಬೆರಳಿಗೆ ಒದಗಬಹುದು.

ಇನ್ನು ತೀರ್ಮಾನ. ಹೆಬ್ಬೆರಳು, ಒಂದಕ್ಕಿಂತ ಹೆಚ್ಚು ಬೆರಳು, ಮಕ್ಕಳ ಬೆರಳು ಆದರೆ ಪ್ರಯತ್ನಿಸಲೇಬೇಕು. ಪೂರ್ತಿ ತುಂಡಾದ ಬೆರಳನ್ನು ಮೈಕ್ರೋಸರ್ಜರಿಯಿಂದ ಮೊದಲು ಯಶಸ್ವಿಯಾಗಿ ಸೇರಿಸಿದ ಜಪಾನಿನ ಸರ್ಜನ್‌ಗಳಾದ ಕೊಮಾತ್ಸು ಮತ್ತು ತಮಾಯ್ 1965ರಲ್ಲಿ ಜೋಡಿಸಿದ್ದೂ ಹೆಬ್ಬೆರಳನ್ನೇ. ಉಂಗುರಕ್ಕೆ ಸಿಕ್ಕಿ ಕಿತ್ತುಬಂದ ಬೆರಳಿನ ಕಥೆ ಬೇರೆ: ರಕ್ತನಾಳದ ಒಳಪದರ ಗಾಯದಿಂದ ಎಷ್ಟೋ ದೂರದವರೆಗೆ ಹರಿದಿರುತ್ತದೆ. ಅದನ್ನು ಮುಚ್ಚಿಡದೆ ಹೇಳುವ, ಹೆಬ್ಬೆರಳು ಉಳಿಯದಿದ್ದರೆ ಕಾಲಿನ ಬೆರಳನ್ನು ಅಲ್ಲಿಗೆ ಕಸಿ ಮಾಡುವ ದಾರಿಯನ್ನೂ ತಿಳಿಸುವ ಸರ್ಜನ್ ಸಿಕ್ಕರೆ ನಂಬಬಹುದು.

ಆಪರೇಷನ್‌ನಲ್ಲಿ ಮೂಳೆಯನ್ನು 5ರಿಂದ 10 ಮಿಲಿಮೀಟರ್ ಮೊಟಕು ಮಾಡಿ, ಅಲುಗದಂತೆ ಕೆ-ವೈರ್ ಎಂಬ ತೆಳು ಲೋಹದ ಕಡ್ಡಿ ಹಾಕುತ್ತಾರೆ. ಹಾಗೆ ಮಾಡಿದರೇ ನಾಳದ ತುದಿಗಳು ಎಳೆತವಿಲ್ಲದೆ ಕೂಡುವುದು. ಆಮೇಲೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಅಪಧಮನಿ (ರಕ್ತ ತರುವ ನಾಳ), ನರ, ಅಭಿಧಮನಿ (ರಕ್ತ ಒಯ್ಯುವ ನಾಳ) ಹೊಲಿಯುತ್ತಾರೆ. ಒಂದು ಮಿಲಿಮೀಟರ್ ಆಸುಪಾಸಿನ ಅಪಧಮನಿಗೆ ಹಾಕುವ 10-0 ನೈಲಾನ್ ದಾರ ಕೂದಲೆಳೆಗಿಂತ ಸಣ್ಣದು. ನಾಳವನ್ನು ಒತ್ತಿ ಹಿಡಿದಿದ್ದ ಕ್ಲಾಂಪ್ ಬಿಟ್ಟಾಗ ಬಿಳಿಚಿದ್ದ ತುದಿಗೆ ನಿಧಾನ ಗುಲಾಬಿ ಬಣ್ಣ ಏರುತ್ತದೆ. ಅಲ್ಲಿಗೇ ಕೈ ತೊಳೆದುಕೊಳ್ಳಬಾರದು. ಒಂದು ಅಪಧಮನಿಗೆ ಸಾಧ್ಯವಾದರೆ ಎರಡು ಅಭಿಧಮನಿ ಸೇರಿಸುವ ತಾಳ್ಮೆ ಬೇಕು. ಒಳಗೆ ಬಂದ ರಕ್ತಕ್ಕೆ ಹೊರಹೋಗುವ ದಾರಿ ಇಲ್ಲದೆ ಸಾಯುವ ಬೆರಳುಗಳು ಬಹಳ.

ಘಟಕದ ನಿಜವಾದ ಯೋಗ್ಯತೆ ಕಾಣುವುದು ಮೊದಲ ಮೂರು ರಾತ್ರಿ. ಕೋಣೆ ಬೆಚ್ಚಗಿರಬೇಕು, ಸುತ್ತ ಯಾರೂ ಸಿಗರೇಟು ಸೇದಬಾರದು. ನರ್ಸ್ ಗಂಟೆಗೊಮ್ಮೆ ಬಣ್ಣ, ಬಿಗಿತ, ಉಷ್ಣತೆ ಬರೆದಿಡಬೇಕು. ಬೆರಳಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಸರ್ಜನ್‌ಗೆ ಕರೆ ಹೋಗಬೇಕು. ಬಿಳಿಚಿ ಸೊರಗಿ, ಒತ್ತಿ ಬಿಟ್ಟರೂ ಬಣ್ಣ ಮರಳದಿದ್ದರೆ ಅಪಧಮನಿ ಕಟ್ಟಿದೆ. ನೇರಳೆಗೆ ತಿರುಗಿ ಉಬ್ಬಿ, ಒತ್ತಿ ಬಿಟ್ಟೊಡನೆ ತಟ್ಟನೆ ಬಣ್ಣ ತುಂಬಿ, ಸೂಜಿ ಚುಚ್ಚಿದರೆ ಕಪ್ಪು ರಕ್ತ ಜಿನುಗಿದರೆ ತೊಂದರೆ ಅಭಿಧಮನಿಯದು. ಆಗ ನಿಂತ ರಕ್ತ ಹೀರಲು ವೈದ್ಯಕೀಯ ಜಿಗಣೆ ಕೈಗೆ ಸಿಗುವಂತಿರಬೇಕು, ಅದರ ಕರುಳಿನ ಏರೋಮೊನಾಸ್ ಬ್ಯಾಕ್ಟೀರಿಯಾಕ್ಕೆ ಆಂಟಿಬಯೋಟಿಕ್ ಜೊತೆಗೇ ಶುರುವಾಗಬೇಕು. "ಬೆಳಗ್ಗೆ ನೋಡೋಣ" ಎನ್ನುವ ಕಡೆ ಬೆರಳು ಬೆಳಗಿನವರೆಗೆ ಉಳಿಯುವುದಿಲ್ಲ.

ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸ್ಪರ್ಶಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಚಳಿಗೆ ನೋಯುವುದು ವರ್ಷಗಳೇ ಇರಬಹುದು. ಕೈಗೆ ವ್ಯಾಯಾಮ ಮಾಡಿಸುವ ಹ್ಯಾಂಡ್ ಥೆರಪಿಸ್ಟ್ ಇಲ್ಲದ ಘಟಕಕ್ಕೆ ಪೂರ್ಣ ಅಂಕ ಕೊಡಲಾಗದು. ರಜ್ಜು ಅಂಟಿಕೊಂಡರೆ ಬೆರಳು ಗುಲಾಬಿಯಾಗಿದ್ದರೂ ಮಡಚುವುದಿಲ್ಲ, ಅದನ್ನು ಬಿಡಿಸಲು ಮತ್ತೊಮ್ಮೆ ಆಪರೇಷನ್ ಟೇಬಲ್ ಮೇಲೆ ಮಲಗಬೇಕಾಗುತ್ತದೆ.